ಫೈರ್ ಇಂಜಿನ್ ಕೊಳ್ಳುವ ಮೊದಲು ಕೆರೆ ದಂಡೆಗೆ ಕರೆಸಿ

ಕಳೆದ ತಿಂಗಳು ಅಕ್ಕನ ಮಗ ಮೂರು ಕೊಟೇಶನ್ ಹಿಡಿದು ಮನೆಗೆ ಬಂದ. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳುತ್ತಾನೆ. ಅವರಿಗೆ ಸ್ವಂತ ಫೈರ್ ಇಂಜಿನ್ ಬೇಕಂತೆ. "ಮಾವ, ನೀವು ಜೀವಮಾನವಿಡೀ ಇದನ್ನೇ ಓಡಿಸಿದವರು. ಯಾವ ಕಂಪನಿ ಒಳ್ಳೇದು, ಹೇಳಿಬಿಡಿ" ಅಂದ.

ಮೂರರಲ್ಲೂ ಮೊದಲ ಪುಟದಲ್ಲಿ ದೊಡ್ಡದಾಗಿ ಷಾಸಿ, ಅಂದರೆ ಅಡಿಯ ಲಾರಿಯ ಹೆಸರು. ಟಾಟಾ, ಅಶೋಕ್ ಲೇಲ್ಯಾಂಡ್, ಐಷರ್. ಅದನ್ನು ಮೊದಲು ಬದಿಗಿಡು ಅಂದೆ. ಫೈರ್ ಇಂಜಿನ್ ಒಬ್ಬರೇ ಮಾಡಿದ ಅಡುಗೆ ಅಲ್ಲ. ಷಾಸಿ ಒಬ್ಬರದ್ದು, ಪಂಪ್ ಎಷ್ಟೋ ಸಲ ಇನ್ನೊಬ್ಬರದ್ದು, ಟ್ಯಾಂಕು ಬಾಡಿ ಕಟ್ಟಿ ಎಲ್ಲ ಜೋಡಿಸುವವರು ಬೇರೆಯವರು. ಲಾರಿ ಇಂಜಿನ್ ಕೆಟ್ಟರೆ ಶಿವಮೊಗ್ಗದಲ್ಲೇ ಮೆಕ್ಯಾನಿಕ್ ಸಿಗುತ್ತಾನೆ. ಕೈಕೊಡುವುದು ಜೋಡಿಸಿದ ಜಾಗ. ಹಾಗಾಗಿ ಹೋಲಿಸಬೇಕಾದದ್ದು ಜೋಡಿಸಿದವರನ್ನು.

ಇದನ್ನು ನನಗೆ ಕಲಿಸಿದ್ದು ತೀರ್ಥಹಳ್ಳಿ ಕಡೆಯ ಒಂದು ಹುಲ್ಲಿನ ಬಣವೆ. ಉಣುಗೋಲು ತೆಗೆಸಿ, ತೋಟದ ದಾರಿಯಲ್ಲಿ ಕಷ್ಟಪಟ್ಟು ಗಾಡಿ ಒಳಗೆ ತಂದಿದ್ದೆ. ಟ್ಯಾಂಕಿನ ನೀರು ಚೆನ್ನಾಗಿಯೇ ಹೊಡೆಯಿತು. ಖಾಲಿಯಾಯಿತು. ಪಕ್ಕದಲ್ಲೇ ಕೆರೆ. ನೀರೆಳೆಯುವ ಸಕ್ಷನ್ ಪೈಪ್ ಇಳಿಸಿ, ಪಂಪಿನೊಳಗಿನ ಗಾಳಿ ಹೊರಹಾಕುವ ಪ್ರೈಮರ್ ಒತ್ತಿದೆ. ಸದ್ದೇನೋ ಬಂತು, ಗೇಜಿನ ಮುಳ್ಳು ಮೇಲೇಳಲಿಲ್ಲ. ಜೋಡಣೆ ಬಿಚ್ಚಿ ಮತ್ತೆ ಬಿಗಿ ಮಾಡಿದೆ, ವಾಷರ್ ತಿರುಗಿಸಿ ಹಾಕಿದೆ. ಊಹೂಂ. ಅಷ್ಟರಲ್ಲಿ ಮನೆಯವರು ತೋಟದ ಮೋಟರ್ ಹಚ್ಚಿ ನೀರು ಬಿಟ್ಟರು. ಅವತ್ತು ಅವರ ಮುಖ ನೋಡಲು ನನಗೆ ಆಗಲಿಲ್ಲ.

ಸ್ಟೇಶನ್‌ಗೆ ಬಂದು ಹುಡುಕಿದರೆ ಪಂಪಿನ ಹೊಟ್ಟೆ ಕೆಳಗೆ ನೀರು ಬಸಿಯಲು ಇಟ್ಟ ಪುಟ್ಟ ನಲ್ಲಿ. ಬಚ್ಚಲಿಗೆ ಹಾಕುವಂಥದ್ದು. ಗಾಡಿ ಕಟ್ಟಿದವರು ಅಲ್ಲಿ ನೂರೋ ಇನ್ನೂರೋ ಉಳಿಸಿದ್ದರು. ಒಳಗಿನ ರಬ್ಬರ್ ಸವೆದು ಗಾಳಿ ಎಳೆಯುತ್ತಿತ್ತು. ಟ್ಯಾಂಕಿನ ನೀರು ತಾನಾಗಿ ಪಂಪಿಗೆ ಇಳಿದು ಬರುತ್ತದೆ, ಆಗ ಇಂಥ ದೋಷ ಗೊತ್ತೇ ಆಗುವುದಿಲ್ಲ. ಕೆಳಗಿನಿಂದ ಎಳೆಯುವಾಗ ಕೂದಲೆಳೆಯಷ್ಟು ಸಂದು ಇದ್ದರೂ ಮುಗಿಯಿತು.

ಸೇಲ್ಸ್‌ನವರು ಡೆಮೊ ಕೊಡುವುದು ಟ್ಯಾಂಕಿನ ನೀರಲ್ಲೇ. ನೀರು ಮುಗಿಲಿಗೆ ಹಾರುತ್ತದೆ, ಎಲ್ಲರೂ ಫೋಟೊ ತೆಗೆಯುತ್ತಾರೆ. ಅಳಿಯನ ಕೊಟೇಶನ್‌ನಲ್ಲಿ ಪಂಪು ನಿಮಿಷಕ್ಕೆ 1800 ಲೀಟರ್, ಟ್ಯಾಂಕು 4500 ಲೀಟರ್. ಲೆಕ್ಕ ಹಾಕಿ ನೋಡಿ, ಪೂರ್ತಿ ಬಿಟ್ಟರೆ ಎರಡೂವರೆ ನಿಮಿಷದ ನೀರು! ಆಮೇಲೆ ಗತಿ ಕೆರೆಯೇ ಅಲ್ವಾ? ಅದಕ್ಕೇ ಡೆಮೊ ಕೆರೆ ದಂಡೆಯಲ್ಲಿ ಆಗಲಿ ಅನ್ನಿ. ಎಷ್ಟು ಸೆಕೆಂಡಿಗೆ ನೀರು ಹಿಡಿಯಿತು ಅಂತ ವಾಚ್ ಹಿಡಿದು ಬರೆದುಕೊಳ್ಳಿ. ಪಂಪಿನೊಳಗಿನ ಗಾಳಿ ತೆಗೆದಾಗ ಕೆರೆ ನೀರನ್ನು ಮೇಲೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು ನೀರನ್ನು ಏರಿಸಬಲ್ಲದ್ದೇ ಸುಮಾರು 10.3 ಮೀಟರ್. ನಮ್ಮ ಎತ್ತರದಲ್ಲಿ ಅದೂ ಅರ್ಧ ಮೀಟರಿಗಿಂತ ಜಾಸ್ತಿ ಇಳಿಯುತ್ತದೆ. ಕರಾವಳಿಯ ಫ್ಯಾಕ್ಟರಿ ಅಂಗಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೆರೆ ಇಲ್ಲದಿದ್ದರೂ ಒಂದು ಪರೀಕ್ಷೆ ಇದೆ. ಪಂಪಿನ ನೀರು ಪೂರ್ತಿ ಬಸಿದು, ಸಕ್ಷನ್ ಬಾಯಿಗೆ ಮುಚ್ಚಳ ಹಾಕಿ, ಎಲ್ಲ ವಾಲ್ವ್ ಮುಚ್ಚಿ, ಪ್ರೈಮರ್ ಓಡಿಸಿ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ನಿಯಮದಲ್ಲಿ ಗೇಜು 22 ಇಂಚು ಪಾದರಸದಷ್ಟು ನಿರ್ವಾತ ತೋರಿಸಬೇಕು, 5 ನಿಮಿಷದಲ್ಲಿ 10 ಇಂಚಿಗಿಂತ ಜಾಸ್ತಿ ಬೀಳಬಾರದು. 2000 ಅಡಿಗಿಂತ ಮೇಲಿನ ಪ್ರತಿ 1000 ಅಡಿ ಎತ್ತರಕ್ಕೆ 1 ಇಂಚು ರಿಯಾಯಿತಿ, ಆದರೆ ಶಿವಮೊಗ್ಗ ಅಷ್ಟು ಎತ್ತರ ಇಲ್ಲ. ನನಗೆ ಕೇಳಿದರೆ ಹೊಸ ಗಾಡಿಯಲ್ಲಿ 2-3 ಇಂಚು ಬಿದ್ದರೂ ಒಪ್ಪಬೇಡಿ. ಇಂಜಿನ್ ನಿಲ್ಲಿಸಿ ಕಿವಿಗೊಟ್ಟರೆ ಎಲ್ಲಿ ಸುಯ್ ಅನ್ನುತ್ತಿದೆ ಅಂತಲೂ ಗೊತ್ತಾಗುತ್ತದೆ.

ಇನ್ನು ಟ್ಯಾಂಕು. ಮೇಲೆ ಹತ್ತಿ ಮುಚ್ಚಳ ತೆಗೆಸಿ, ಟಾರ್ಚ್ ಬಿಟ್ಟು ನೋಡಿ. ಅಡ್ಡ ತಡೆಗಳು ಇರಬೇಕು, ಒಳಗಿನ ವೆಲ್ಡಿಂಗ್ ನೀಟಾಗಿರಬೇಕು. 4500 ಲೀಟರ್ ಅಂದರೆ ನಾಲ್ಕೂವರೆ ಟನ್. ಘಾಟಿ ತಿರುವಿನಲ್ಲಿ ಆ ನೀರು ಒಂದೇ ಬದಿಗೆ ನುಗ್ಗಿದರೆ ಸ್ಟಿಯರಿಂಗ್ ಹಿಡಿದವನಿಗೇ ಗೊತ್ತು ಕಷ್ಟ. ಟ್ಯಾಂಕು ತುಂಬಿದ್ದಾಗ ಅಷ್ಟಿಲ್ಲ, ಅರ್ಧ ಇದ್ದಾಗಲೇ ಕುಲುಕಾಟ ಜಾಸ್ತಿ. ಅದಕ್ಕೇ ಅರ್ಧ ತುಂಬಿಸಿ ಓಡಿಸಿ ನೋಡಿ. ಡ್ರೈವರ್ ನಿಮ್ಮವನೇ ಇರಲಿ.

ನೀರು ಹೊಡೆಯುವ ಪೈಪಿನ, ಅಂದರೆ ಹೋಸಿನ ಜೋಡಣೆ ಭಾರತೀಯ ಮಾನಕ ಐಎಸ್ 903ರ 63 ಮಿ.ಮೀ. ಇದೆಯಾ ಕೇಳಿ. ಬೇರೆ ಅಳತೆ ಇದ್ದರೆ 101ಕ್ಕೆ ಫೋನ್ ಮಾಡಿ ಕರೆಸಿದ ಗಾಡಿಯ ಹೋಸ್ ನಿಮ್ಮದಕ್ಕೆ ಕೂರುವುದಿಲ್ಲ. ಇಂಥ ಗಾಡಿಗೇ ಇರುವ ಮಾನಕದ ಹೆಸರು ಹಾಕಿ 'ಐಎಸ್ 950 ಪ್ರಕಾರ' ಅಂತ ಬರೆದಿದ್ದಾರೆ ಅಂತ ಸುಮ್ನೆ ನಂಬಬೇಡಿ. ಪಂಪಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರ ನಂಬರಿಗೂ ಪಂಪಿನ ಮೇಲಿನ ನಂಬರಿಗೂ ತಾಳೆ ನೋಡಿ.

ಹೊಸ ಗಾಡಿ ಎಲ್ಲರದ್ದೂ ಚಂದವೇ. ಅವರು ಐದು ವರ್ಷ ಹಿಂದೆ ಕೊಟ್ಟ ಗಾಡಿ ಎಲ್ಲಿದೆ ಕೇಳಿ, ಹೋಗಿ ನೋಡಿ. ನಮ್ಮ ಕಡೆ ಮಳೆ ಕಂಡ ಗಾಡಿಯಾದರೆ ಇನ್ನೂ ಒಳ್ಳೇದು. ಸಾಮಾನಿನ ಪೆಟ್ಟಿಗೆಗಳ ತಳಕ್ಕೆ ಕೈ ಹಾಕಿ, ತುಕ್ಕಿನ ಹೊಪ್ಪಳಿಕೆ ಕೈಗೆ ಬಂತಾ? ಅಲ್ಲಿನ ಡ್ರೈವರನಿಗೆ ಒಂದು ಚಹಾ ಕುಡಿಸಿ. ಮ್ಯಾನೇಜರ್ ಹೇಳದ್ದನ್ನೆಲ್ಲ ಅವನು ಹೇಳುತ್ತಾನೆ.

ಕೊನೆಗೆ ಅಳಿಯನ ಕೈಲಿ ಒಂದು ಕೆಲಸ ಮಾಡಿಸಿದೆ. ಮೂವರಿಗೂ ಫೋನ್ ಮಾಡಿ ಒಂದೊಂದು ಸಕ್ಷನ್ ವಾಷರ್ ತರಿಸು, ದುಡ್ಡು ಕೊಟ್ಟೇ ತರಿಸು ಅಂದೆ. ಒಬ್ಬರದ್ದು ನಾಲ್ಕನೇ ದಿನ ಬಂತು. ಇನ್ನೊಬ್ಬರದ್ದು ಹನ್ನೊಂದು ದಿನಕ್ಕೆ ಬಂತು, ಅದೂ ಅಳತೆ ತಪ್ಪಿ. ಮೂರನೆಯವರು ದಿನಾ ಫೋನ್ ಮಾಡುತ್ತಿದ್ದಾರೆ, ಗಾಡಿಯ ಆರ್ಡರ್ ಯಾವಾಗ ಕೊಡುತ್ತೀರಿ ಅಂತ. ವಾಷರ್ ಸುದ್ದಿ ಮಾತ್ರ ಎತ್ತುವುದಿಲ್ಲ.