ಹಳೆಯ ಪತ್ರಕ್ಕೆ ಅಂಟಿದ ಟೇಪ್ ಬಿಡಿಸುವುದು ಹೇಗೆ?

ಅಜ್ಜನ ಕ್ರಯಪತ್ರ ಮಡಿಕೆಯಲ್ಲಿ ಹರಿದಿತ್ತೆಂದು ಅಪ್ಪ ಸೆಲ್ಲೋಟೇಪ್ ಹಚ್ಚಿ ಟ್ರಂಕಿನಲ್ಲಿಟ್ಟಿದ್ದರು. ಮೂವತ್ತು ವರ್ಷದ ಮೇಲೆ ಬಿಚ್ಚಿದರೆ ಟೇಪು ಈರುಳ್ಳಿ ಸಿಪ್ಪೆಯಂತೆ ತಾನಾಗಿ ಉದುರಿತು. ಕಾಗದದಲ್ಲಿ ಉಳಿದದ್ದು ಕಂದು ಪಟ್ಟಿ. ಚಕ್ಕುಬಂದಿಯ ಎರಡು ಸಾಲು ಅದರಡಿ ಮಂಕಾಗಿವೆ.

ಹೀಗೇಕಾಗುತ್ತದೆ? ಅಮೆರಿಕದ 3ಎಂ ಕಂಪನಿಯ ರಿಚರ್ಡ್ ಡ್ರೂ 1930ರಲ್ಲಿ ರೂಪಿಸಿದ ಪಾರದರ್ಶಕ ಟೇಪಿನ ಕಾಲದಿಂದಲೂ ಅಗ್ಗದ ಟೇಪುಗಳ ಅಂಟು ಬಹುಪಾಲು ರಬ್ಬರ್ ಮತ್ತು ರಾಳದ ಮಿಶ್ರಣ. ಗಾಳಿಯಲ್ಲಿನ ಆಮ್ಲಜನಕ ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಕಡಿಯುತ್ತ ಹೋಗುತ್ತದೆ. ಬೆಳಕು, ಸೆಖೆ ಇದ್ದರೆ ಇನ್ನೂ ಬೇಗ. ಮೊದಲು ಅಂಟು ಮೆತ್ತಗಾಗಿ ಎಣ್ಣೆಯಂತೆ ಕಾಗದದ ನಾರಿಗೆ ಇಳಿಯುತ್ತದೆ. ಆಮೇಲೆ ಕಡಿದ ತುಂಡುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗಿ, ಹಿಡಿತವೇ ಹೋಗುತ್ತದೆ. 1950ರ ದಶಕದಲ್ಲಿ ಜೆರುಸಲೇಮಿನ ವಿದ್ವಾಂಸರು ಮೃತ ಸಮುದ್ರದ ಸುರುಳಿಗಳ (ಆ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಪ್ರಾಚೀನ ಯೆಹೂದಿ ಹಸ್ತಪ್ರತಿಗಳ) ಚೂರುಗಳನ್ನು ಇಂಥ ಟೇಪಿನಿಂದಲೇ ಜೋಡಿಸಿದ್ದರು. ಸುಮಾರು ಎರಡು ಸಾವಿರ ವರ್ಷ ಗುಹೆಯಲ್ಲಿ ಬಾಳಿದ ತೊಗಲು ಟೇಪಿನಡಿ ಕೆಲವೇ ದಶಕಗಳಲ್ಲಿ ಕಪ್ಪಾಯಿತು. ಆ ಟೇಪು ಬಿಡಿಸಲು ಸಂರಕ್ಷಕರು ವರ್ಷಗಟ್ಟಲೆ ದುಡಿಯಬೇಕಾಯಿತು.

ಕೈ ಹಾಕುವ ಮುಂಚೆ ಪತ್ರದ ಎರಡೂ ಬದಿಯ ಸ್ಪಷ್ಟ ಫೋಟೊ ತೆಗೆದಿಡಿ. ನೋಂದಾಯಿತ ಪತ್ರವಾದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ, ಆಗ ಧೈರ್ಯವಿರುತ್ತದೆ.

ಈಗ ಟೇಪಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ. ಒಣಗಿದ್ದರೆ ಚಪ್ಪಟೆ ಚಿಮಟದಿಂದ ಎತ್ತಿದರೆ ಸಾಕು. ಕಲೆ ನಾರಿನೊಳಗೆ ಇಳಿದಿರುತ್ತದೆ, ಉಜ್ಜಬೇಡಿ. ಇನ್ನೂ ಜಿಗುಟಿದ್ದರೆ ಹೇರ್ ಡ್ರೈಯರ್ ಅನ್ನು ಕಡಿಮೆ ಶಾಖಕ್ಕಿಟ್ಟು, ಒಂದು ಗೇಣು ದೂರದಿಂದ ಕೆಲವು ಸೆಕೆಂಡು ಹಿಡಿಯಿರಿ. ಅಂಟು ಸಡಿಲವಾದೊಡನೆ ಮೊಂಡು ಚಾಕುವಿನಿಂದ ತುದಿ ಎಬ್ಬಿಸಿ, ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ, ಹಾಳೆಗೆ ಸಮಾನಾಂತರವಾಗಿ ಕೂದಲೆಳೆಯಷ್ಟೇ ಎಳೆಯುತ್ತ ಬನ್ನಿ. ಮೇಲಕ್ಕೆ ಎಳೆದರೆ ನಾರೂ ಕಿತ್ತು ಬರುತ್ತದೆ. ಅಂಥ ಸುಳಿವು ಕಂಡರೆ ಅಲ್ಲಿಗೇ ನಿಲ್ಲಿಸಿ. ಬ್ಯಾಂಕ್, ಅಂಗಡಿಯ ಹೊಳಪು ರಸೀದಿಗಳಿಗೆ ಮಾತ್ರ ಶಾಖ ತಾಗಿಸಲೇಬೇಡಿ, ಪೂರ್ತಿ ಕಪ್ಪಾಗುತ್ತವೆ.

ಉಳಿದ ಜಿಗುಟನ್ನು ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಒತ್ತಿ ಒತ್ತಿ ಎತ್ತಬಹುದು. ಥಿನ್ನರ್, ಪೆಟ್ರೋಲ್ ಬೇಡವೇ ಬೇಡ: ಶಾಯಿ ಹರಡುತ್ತದೆ, ಕಲೆ ಹಿಗ್ಗುತ್ತದೆ.

ಹರಿದ ಜಾಗಕ್ಕೆ ತೆಳುವಾದ ಜಪಾನಿ ಕಾಗದದ (ಉದ್ದ ನಾರಿನ, ತೆಳುವಾದರೂ ಗಟ್ಟಿಯಾದ ಕಾಗದ) ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ, ಬ್ಲಾಟಿಂಗ್ ಪೇಪರಿನ ನಡುವೆ ಭಾರವಿಟ್ಟು ಒಣಗಿಸಿ. ಮುಂದೆ ಯಾರಿಗಾದರೂ ಬಿಡಿಸಬೇಕೆನಿಸಿದರೆ ಒಂದಿಷ್ಟು ತೇವ ಸಾಕು.