ಹ್ಯಾಂಗೋವರ್‌ಗೆ ಕಾಫಿ: ಯಾರು ಕುಡಿಯಬಹುದು, ಎಷ್ಟು, ಯಾವಾಗ

ರಾತ್ರಿ ಸ್ವಲ್ಪ ಜಾಸ್ತಿ ಆಗಿದೆ. ಬೆಳಿಗ್ಗೆ ತಲೆ ಸಿಡಿಯುತ್ತಿದೆ, ಬಾಯಿ ಒಣಗಿದೆ, ಹೊಟ್ಟೆ ತೊಳಸುತ್ತಿದೆ. ಆಗ ಯಾರಾದರೊಬ್ಬರು ಬಂದು ‘ಒಂದು ಸ್ಟ್ರಾಂಗ್ ಕಾಫಿ ಕುಡಿ, ಎಲ್ಲ ಇಳಿಯುತ್ತೆ’ ಅಂತಾರೆ. ಇಳಿಯೋದಿಲ್ಲ. ಆದರೆ ಕೆಲವರಿಗೆ ಅರ್ಧ ಕಪ್ ಕಾಫಿಯಿಂದ ನಿಜಕ್ಕೂ ಉಪಯೋಗ ಆಗುತ್ತದೆ, ಇನ್ನು ಕೆಲವರಿಗೆ ಅದೇ ಅರ್ಧ ಕಪ್ ಇರುವ ಕಷ್ಟವನ್ನು ಹೆಚ್ಚು ಮಾಡುತ್ತದೆ.

ನೀವು ಯಾವ ಗುಂಪು ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು: ದಿನಾ ಕಾಫಿ ಕುಡೀತೀರಾ?

ಕುಡಿಯುವವರಾದರೆ ಸ್ವಲ್ಪ ಲೆಕ್ಕ ಹಾಕಿ. ಕೆಫೀನ್ ಅಭ್ಯಾಸ ಇರುವವರಿಗೆ ಅದು ಸಿಗದೇ ಹೋದರೆ ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ನಿನ್ನೆ ಬೆಳಿಗ್ಗೆ ಎಂಟಕ್ಕೆ ಕಾಫಿ ಕುಡಿದಿದ್ದೀರಿ, ಸಂಜೆ ಕಾಫಿಯ ಬದಲು ಬಿಯರ್ ಆಯಿತು, ಇವತ್ತು ಎದ್ದಿದ್ದೇ ಹನ್ನೊಂದಕ್ಕೆ ಅಂದರೆ 27 ಗಂಟೆ ದಾಟಿತು. ಈಗಿರುವ ತಲೆನೋವಿನಲ್ಲಿ ಒಂದು ಪಾಲು ಮದ್ಯದ್ದೇ ಅಲ್ಲ, ಕಾಫಿ ಸಿಗದೇ ಇದ್ದುದರದ್ದು. ಅದು ಕಾಫಿ ಕುಡಿದರೆ ಹೋಗುತ್ತದೆ. ‘ನನಗೆ ಕಾಫಿ ಕುಡಿದ ತಕ್ಷಣ ಹ್ಯಾಂಗೋವರ್ ಬಿಡುತ್ತೆ’ ಅಂತ ಆಣೆ ಮಾಡಿ ಹೇಳುವವರು ಬಹುಪಾಲು ಇದೇ ಗುಂಪಿನವರು. ಅಭ್ಯಾಸ ಇಲ್ಲದವರು ಸುಮ್ನೆ ಇವತ್ತು ಶುರು ಮಾಡಬೇಡಿ, ಎದೆ ಡವಡವ ಅನ್ನೋದು ಬಿಟ್ಟರೆ ಹೆಚ್ಚೇನೂ ಸಿಗಲಿಕ್ಕಿಲ್ಲ.

ಮದ್ಯ ಇಳಿಸುವ ಕೆಲಸ ಲಿವರ್‌ದು. ಅದು ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಮಾಡಿ, ಆಮೇಲೆ ಅಸಿಟೇಟ್ ಮಾಡಿ, ತನ್ನದೇ ವೇಗದಲ್ಲಿ ಹೊರಗೆ ಹಾಕುತ್ತದೆ. 30 ಮಿಲಿ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, ಅಷ್ಟನ್ನು ಮುಗಿಸಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಕಾಫಿ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ, ಬೆವರು ಹರಿಸಿದರೂ ಈ ವೇಗ ಬದಲಾಗೋದಿಲ್ಲ. ಕೆಫೀನ್ ಮಾಡುವುದು ಬೇರೆ: ಮೆದುಳಿಗೆ ‘ಸುಸ್ತಾಗಿದೆ, ಮಲಗು’ ಅಂತ ಹೇಳುವ ಅಡೆನೊಸಿನ್‌ನ ದಾರಿಗೆ ಅಡ್ಡ ಕೂರುತ್ತದೆ. ಬಾಗಿಲು ಬಡಿಯೋದು ಕೇಳಿಸಬಾರದು ಅಂತ ಕಿವಿಗೆ ಹತ್ತಿ ತುರುಕಿಕೊಂಡ ಹಾಗೆ, ಬಡಿಯುವವನು ಅಲ್ಲೇ ಇರುತ್ತಾನೆ. ಅದಕ್ಕೇ ಕಾಫಿ ಕುಡಿದು ‘ಈಗ ಆರಾಮಾಗಿದ್ದೀನಿ’ ಅಂತ ಗಾಡಿ ಕೀ ಕೈಗೆ ತಗೊಳ್ಳುವವರನ್ನು ಕಂಡರೆ ನನಗೆ ಭಯ. ರಾತ್ರಿ ಒಂಬತ್ತಕ್ಕೆ ಶುರು ಮಾಡಿ ಒಂದರ ತನಕ ಹತ್ತು ಪೆಗ್ ಹಾಕಿದವರ ರಕ್ತದಲ್ಲಿ ಬೆಳಿಗ್ಗೆ ಏಳಕ್ಕೂ ಮದ್ಯ ಉಳಿದಿರಬಹುದು. ಎಚ್ಚರ ಇದ್ದೀರಿ ಅಂದರೆ ಅಮಲು ಇಳಿದಿದೆ ಅಂತಲ್ಲ.

ಸರಿ, ಎದ್ದ ಮೇಲೆ ಏನು ಮಾಡಬೇಕು?

ಮೊದಲು ನೀರು. ಮೂತ್ರವನ್ನು ಹಿಡಿತದಲ್ಲಿಡುವ ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನನ್ನು ಮದ್ಯ ತಗ್ಗಿಸುತ್ತದೆ, ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಡಿದ್ದು ಅದಕ್ಕೇ. ಒಂದು ದೊಡ್ಡ ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಗಟಗಟ ಇಳಿಸಿದರೆ ವಾಪಸ್ ಬರುವ ಸಾಧ್ಯತೆ ಇದೆ. ವಾಂತಿ ಆಗಿದ್ದರೆ ಓಆರ್‌ಎಸ್ ಒಳ್ಳೆಯದು.

ಆಮೇಲೆ ಹೊಟ್ಟೆಗೆ ಏನಾದರೂ. ಬ್ರೆಡ್ಡೋ ಬಾಳೆಹಣ್ಣೋ, ಸಪ್ಪೆಯಾಗಿದ್ದಷ್ಟೂ ಒಳ್ಳೆಯದು.

ಇಷ್ಟಾದ ಮೇಲೆ ಕಾಫಿ. ‘ಕಾಫಿ ಕುಡಿದರೆ ಮೈಯಲ್ಲಿನ ನೀರೆಲ್ಲ ಹೋಗುತ್ತೆ’ ಅಂತ ಹೆದರಿಸುವವರ ಮಾತು ಸ್ವಲ್ಪ ಅತಿಯಾಯಿತು. ಕಾಫಿಯಲ್ಲಿ ಇರುವುದೂ ಬಹುಪಾಲು ನೀರೇ ಅಲ್ವಾ, ಅಭ್ಯಾಸ ಇರುವವರಿಗೆ ಒಂದು ಕಪ್‌ನಿಂದ ಅಂಥ ನಷ್ಟವೇನಿಲ್ಲ. ನಿಜವಾದ ತೊಂದರೆ ಹೊಟ್ಟೆಯದು. ಮದ್ಯದಿಂದ ಆಗಲೇ ಕೆರಳಿರುವ ಹೊಟ್ಟೆಯಲ್ಲಿ ಕಾಫಿ ಇನ್ನಷ್ಟು ಆಮ್ಲ ಹುಟ್ಟಿಸುತ್ತದೆ, ಕೆಫೀನ್ ತೆಗೆದ ಡಿಕ್ಯಾಫ್ ಕೂಡ ಇದೇ ಕೆಲಸ ಮಾಡುತ್ತದೆ. ಎದೆ ಉರಿ, ವಾಕರಿಕೆ ಇದ್ದರೆ ಕಾಫಿ ಮುಂದಕ್ಕೆ ಹಾಕಿ. ಇಲ್ಲದಿದ್ದರೆ ದಿನಾ ಕುಡಿಯುವುದರಲ್ಲಿ ಅರ್ಧ ಕುಡಿದು, ಅರ್ಧ ಗಂಟೆ ಕಾಯಿರಿ. ತಲೆ ಹಗುರಾದರೆ ಉಳಿದರ್ಧ ಕುಡಿಯಬಹುದು. ಕೈ ನಡುಗಿದರೆ, ಸುಮ್ಮಸುಮ್ಮನೆ ಗಾಬರಿಯಾದರೆ ಅಲ್ಲಿಗೇ ನಿಲ್ಲಿಸಿ. ‘ಸ್ಟ್ರಾಂಗ್’ ಅನ್ನುವುದನ್ನು ಮರೆತುಬಿಡಿ, ಎನರ್ಜಿ ಡ್ರಿಂಕ್ ಅಂತೂ ಬೇಡವೇ ಬೇಡ.

ಇನ್ನೊಂದು ವಿಷಯ. ಮತ್ತೆ ಮಲಗಲು ಸಮಯ ಇದೆಯಾ? ಹಾಗಾದರೆ ಕಾಫಿ ಬಿಟ್ಟು ಮಲಗಿ. ಮದ್ಯ ಬೇಗ ನಿದ್ದೆ ತರಿಸಿದರೂ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಕೆಡಿಸುತ್ತದೆ, ಆ ಬಾಕಿ ತೀರಿಸಲು ನಿದ್ದೆಯೇ ಬೇಕು. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಹಿಡಿಯುತ್ತದೆ, ಹಾಗಾಗಿ ಸಂಜೆ ನಾಲ್ಕಕ್ಕೆ ಕಾಫಿ ಕುಡಿದರೆ ಇವತ್ತಿನ ರಾತ್ರಿಯೂ ಹೋದ ಹಾಗೇ.

ಮಾತ್ರೆ ನುಂಗುವ ಮುಂಚೆ ಸ್ಟ್ರಿಪ್ಪನ್ನು ತಿರುಗಿಸಿ ಓದಿ. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಆಗಲೇ ಸೇರಿರುತ್ತದೆ, ಅದರ ಮೇಲೆ ಕಾಫಿ ಬೇಕಿಲ್ಲ. ಜಾಸ್ತಿ ಕುಡಿದ ಮರುದಿನ ಪ್ಯಾರಾಸಿಟಮಾಲ್ ಲಿವರ್‌ಗೆ ಒಳ್ಳೆಯದಲ್ಲ, ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಹೊಟ್ಟೆಯನ್ನು ಇನ್ನೂ ಕೆರಳಿಸುತ್ತವೆ. ತಡೆಯಬಹುದಾದಷ್ಟು ನೋವಿದ್ದರೆ ತಡೆಯಿರಿ. ಇನ್ನು ಹ್ಯಾಂಗೋವರ್‌ಗೆ ಅಂತಲೇ ಮಾರುವ ಪುಡಿ, ಗುಳಿಗೆಗಳಿಗೆ ದುಡ್ಡು ಸುರಿಯಬೇಡಿ. ಬ್ರಿಟಿಷ್ ಮೆಡಿಕಲ್ ಜರ್ನಲ್ 2005ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದು ಅಲ್ಲಿಯವರೆಗಿನ ಪ್ರಯೋಗಗಳನ್ನು ನೋಡಿ, ಹ್ಯಾಂಗೋವರ್ ತಡೆಯುವ ಅಥವಾ ವಾಸಿ ಮಾಡುವ ಯಾವುದಕ್ಕೂ ನಂಬುವಂಥ ಪುರಾವೆ ಇಲ್ಲ ಅಂದಿತ್ತು.

ಇಷ್ಟೂ ಹೇಳಿದ್ದು ಎದ್ದು ಕೂತು ಮಾತಾಡುತ್ತಿರುವವರಿಗೆ. ಎಬ್ಬಿಸಿದರೂ ಏಳದವರ ಬಾಯಿಗೆ ಕಾಫಿ ಹಾಕಲೇಬೇಡಿ, ಅದು ಶ್ವಾಸನಾಳಕ್ಕೆ ಹೋಗಬಹುದು. ವಾಂತಿಯಾದರೆ ಉಸಿರು ಕಟ್ಟದಂತೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆ ಇದ್ದರೆ, ತುಟಿ ನೀಲಿಯಾಗಿದ್ದರೆ, ಫಿಟ್ಸ್ ಬಂದರೆ ಅಥವಾ ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡದಿದ್ದರೆ ಕೂಡಲೇ ಆಂಬ್ಯುಲೆನ್ಸ್ ಕರೆಯಿರಿ, ಅದು ಬರುವ ತನಕ ಒಬ್ಬರು ಪಕ್ಕದಲ್ಲೇ ಇರಿ.