ಸ್ಟೆತಸ್ಕೋಪಿಗೆ ಮೊದಲು ಜೋಳದ ಡಬ್ಬಿ

ವಿಜಯಪುರದಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ರೋಗಿಯನ್ನು ಮುಟ್ಟಿ, ಬೆರಳಿಂದ ಬಡಿದು ನೋಡುವುದನ್ನು ಕಲಿಸುತ್ತೇನೆ. ಹೊಸಬರ ಕೊರಳಲ್ಲಿ ಸ್ಟೆತಸ್ಕೋಪ್ ಇದ್ದೇ ಇರುತ್ತದೆ. ಮೊದಲ ವಾರ ಅದನ್ನು ತೆಗೆದಿಡಿ ಅನ್ನುತ್ತೇನೆ.

ಮನೆಯಿಂದ ತಗಡಿನ ಡಬ್ಬಿಯಲ್ಲಿ ಅರ್ಧದಷ್ಟು ಜೋಳ ತುಂಬಿ ತರುತ್ತೇನೆ. ಮುಚ್ಚಳ ತೆರೆಯದೆ ಜೋಳ ಎಲ್ಲಿವರೆಗಿದೆ ಹೇಳಬೇಕು. ಮೇಲಿಂದ ಬಡಿಯುತ್ತಾ ಬಂದರೆ ಟಣ್ ಅನ್ನುವ ಸದ್ದು ಒಂದು ಕಡೆ ದಪ್ ಅಂತ ಕುಗ್ಗುತ್ತದೆ. ಅಲ್ಲಿ ಸೀಮೆಸುಣ್ಣದ ಗೆರೆ. ಮುಚ್ಚಳ ತೆಗೆದಾಗ ಜೋಳ ಆ ಗೆರೆಗೇ ಇದ್ದರೆ ಅವರ ಮುಖ ನೋಡಬೇಕು! ಎದೆ ಬಡಿದು ನೋಡುವ ಬಗ್ಗೆ 1761ರಲ್ಲಿ ಪುಸ್ತಕ ಬರೆದ ವೈದ್ಯ ಔಯೆನ್‌ಬ್ರುಗರ್, ಪೀಪಾಯಿ ಬಡಿದು ಮದ್ಯದ ಮಟ್ಟ ತಿಳಿಯುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದ ಅನ್ನುತ್ತಾರೆ. ಸ್ಟೆತಸ್ಕೋಪ್ ಬಂದದ್ದು 1816ರಲ್ಲಿ.

ಆಮೇಲೆ ಅವರವರ ಮೈಮೇಲೇ ಅಭ್ಯಾಸ. ತೊಡೆ ಬಡಿದರೆ ಮಂದ, ಎದೆ ಬಡಿದರೆ ಟೊಳ್ಳು, ಹೊಟ್ಟೆ ಬಡಿದರೆ ಡೋಲು. ಎಡಗೈಯ ನಡುಬೆರಳು ಮಾತ್ರ ಪಕ್ಕೆಲುಬುಗಳ ನಡುವೆ ಒತ್ತಿ ಕೂರಬೇಕು. ಉಳಿದ ಬೆರಳು ತಾಗಿದರೆ ಸದ್ದು ಸಾಯುತ್ತದೆ. ಆ ನಡುಬೆರಳಿನ ಮೇಲೆ ಬಲಗೈಯ ಬೆರಳು ಮಣಿಕಟ್ಟಿನಿಂದ ಬೀಳಬೇಕು, ಮೊಣಕೈಯಿಂದ ಅಲ್ಲ. ಬಿದ್ದ ಬೆರಳು ಥಟ್ಟನೆ ಮೇಲೇಳಬೇಕು. ಉಗುರು ಕತ್ತರಿಸಿರಲೇಬೇಕು.

ಮೊದಮೊದಲು ನಾನೂ ತಪ್ಪು ಮಾಡಿದ್ದೇನೆ. ಒಬ್ಬರೇ ರೋಗಿಯನ್ನು ಹತ್ತು ಹುಡುಗರ ಕೈಗೆ ಒಪ್ಪಿಸಿದ್ದೆ. ಆ ಅಜ್ಜ ಏನೂ ಅನ್ನಲಿಲ್ಲ, ಸುಮ್ನೆ ಗೋಡೆಯ ಕಡೆ ತಿರುಗಿ ಮಲಗಿದರು. ಆ ಬೆನ್ನು ನನಗೆ ಇನ್ನೂ ಕಾಣುತ್ತದೆ. ಈಗ ಒಬ್ಬ ರೋಗಿಗೆ ಇಬ್ಬರೇ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, 'ಮುಟ್ಟಿ ನೋಡ್ಲೇನ್ರೀ?' ಅಂತ ಕೇಳಿ, ಒಪ್ಪಿದ ಮೇಲೆಯೇ ಕೈ ಇಡಬೇಕು.

ಒಮ್ಮೆ ದಮ್ಮು ಅಂತ ಬಂದಿದ್ದ ರೈತರೊಬ್ಬರ ಬೆನ್ನನ್ನು ಒಬ್ಬ ವಿದ್ಯಾರ್ಥಿನಿ ಎಡ, ಬಲ ಹೋಲಿಸುತ್ತಾ ಬಡಿಯುತ್ತಿದ್ದಳು. ಬಲಗಡೆ ಕೆಳಗೆ ಬಂದವಳು ನಿಂತಳು. ಇನ್ನೊಮ್ಮೆ ಬಡಿದಳು. 'ಸರ್, ಇಲ್ಲಿ ಎಡಗೈ ಬೆರಳಿಗೆ ಏನೂ ಮಿಡಿಯುತ್ತಿಲ್ಲ. ಕಲ್ಲು ಬಡಿದ ಹಾಗಿದೆ.' ಕಿವಿಗಿಂತ ಮೊದಲು ಅವಳ ಬೆರಳಿಗೆ ತಿಳಿದಿತ್ತು. ಎಕ್ಸ್‌ರೇ ಬಂತು, ಅಲ್ಲೇ ನೀರು ತುಂಬಿತ್ತು.

'ಏನ್ ಸಿಕ್ತವ್ವಾ?' ಅಂದರು ಅವರು. ಅವಳು ಅವರ ಅಂಗಿ ಸರಿಮಾಡಿ, ಪಕ್ಕದ ಸ್ಟೂಲಿನಲ್ಲಿ ಕೂತು, ಪುಪ್ಪುಸದ ಹೊರಗೆ ನೀರು ನಿಂತಿದೆ, ಸೂಜಿಯಿಂದ ತೆಗೆಯುತ್ತಾರೆ ಅಂತ ಹೇಳತೊಡಗಿದಳು. ನಾನು ಮುಂದಿನ ಹಾಸಿಗೆಗೆ ಹೋದೆ.